ವಿಕ್ಟೋರಿಯಾ ಕಾಲದ ಕಾರ್ಮಿಕರು ತಾಂತ್ರಿಕ ಶಿಕ್ಷಣಕ್ಕೆ ಅಡ್ಡ ನಿಂತರೇ?

ಹಳೇಕಡತ

ಬ್ರಿಟನ್ನಿನ ತಾಂತ್ರಿಕ ಶಿಕ್ಷಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಕತೆ ಹೇಳುತ್ತಾರೆ. 1851ರ ಲಂಡನ್ ಕೈಗಾರಿಕಾ ಪ್ರದರ್ಶನದಲ್ಲಿ ಮೆರೆದ ಇಂಗ್ಲೆಂಡ್ 1867ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಹಿಂದೆ ಬಿದ್ದಿತ್ತು, ರಸಾಯನಶಾಸ್ತ್ರಜ್ಞ ಲಿಯಾನ್ ಪ್ಲೇಫೇರ್ ಎಚ್ಚರಿಕೆಯ ಪತ್ರ ಬರೆದರು, ಸರ್ಕಾರ ಸಮಿತಿ ಮೇಲೆ ಸಮಿತಿ ಕೂರಿಸಿತು, ಆದರೆ ಕಾರ್ಮಿಕ ಸಂಘಗಳು ಹೊಸದನ್ನು ಒಪ್ಪಲಿಲ್ಲ ಎಂದು. ಈ ಕೊನೆಯ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ.

ಒಂದು ದಾಖಲೆ ನೋಡಿ. 1868ರ ಜೂನ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ (ಕಾರ್ಮಿಕ ಸಂಘಗಳ ಸಮಾವೇಶ) ಸೇರಿತು. 34 ಪ್ರತಿನಿಧಿಗಳು ಬಂದಿದ್ದರು. ಕರೆಯೋಲೆಯಲ್ಲಿ ಕೊಟ್ಟಿದ್ದ ಚರ್ಚೆಯ ವಿಷಯಗಳಲ್ಲಿ ಐದನೆಯದು ಅಪ್ರೆಂಟಿಸ್‌ಗಳ (ಕಸುಬು ಕಲಿಯಲು ಸೇರಿದ ಹುಡುಗರ) ಸಂಖ್ಯೆಗೆ ಮಿತಿ, ಅದರ ಬೆನ್ನಿಗೇ ಆರನೆಯದು ತಾಂತ್ರಿಕ ಶಿಕ್ಷಣ. ಸಭೆ ಸೇರಿದ್ದು ಡೇವಿಡ್ ಸ್ಟ್ರೀಟಿನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ (ಕೆಲಸಗಾರರಿಗೆ ಪಾಠ ಹೇಳುವ ಸಂಸ್ಥೆ) ಕಟ್ಟಡದಲ್ಲಿ. ಶಿಕ್ಷಣವೇ ಬೇಡ ಎನ್ನುವವರು ಅದನ್ನು ತಮ್ಮ ಮೊದಲ ಸಭೆಯ ಪಟ್ಟಿಗೆ ಸೇರಿಸುತ್ತಿರಲಿಲ್ಲ. ಹಾಗೆಯೇ ಆ ಎರಡು ವಿಷಯಗಳು ಅಕ್ಕಪಕ್ಕ ಕೂತದ್ದೂ ಆಕಸ್ಮಿಕವಲ್ಲ. ಕಲಿಸುವವರು ಯಾರು, ಕಲಿಯುವವರು ಎಷ್ಟು ಜನ, ಕಲಿತ ಮೇಲೆ ಕೂಲಿ ಏನಾಗುತ್ತದೆ ಎನ್ನುವ ಮೂರನ್ನೂ ಅವರು ಒಂದೇ ಪ್ರಶ್ನೆಯಾಗಿ ನೋಡಿದರು.

ಕಸುಬು ಬಲ್ಲವರು ಇಲ್ಲಿದ್ದೀರಿ. ಆ ಕಾಲದ ಕೆಲಸಗಾರನಿಗೆ ತರಗತಿಯಿಂದ ನಿಜಕ್ಕೂ ಏನು ದಕ್ಕುತ್ತಿತ್ತು, ಏನು ದಕ್ಕುತ್ತಿರಲಿಲ್ಲ? ಕಸುಬು ಹಿಡಿದೇ ಮಾತಾಡೋಣ.

ಗಿರಣಿಗಂಟೆ

ಕತೆ 1868ಕ್ಕಿಂತ ಬಹಳ ಹಿಂದೆ ಶುರುವಾಗುತ್ತದೆ ಸರ್. ಜಾರ್ಜ್ ಬರ್ಕ್‌ಬೆಕ್ 1800ರಲ್ಲೇ ಗ್ಲಾಸ್ಗೋದ ಆಂಡರ್ಸನ್ ಸಂಸ್ಥೆಯಲ್ಲಿ ಕೆಲಸಗಾರರಿಗೆ ಉಪನ್ಯಾಸ ಕೊಡುತ್ತಿದ್ದರು. 1823ರಲ್ಲಿ ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಹುಟ್ಟಿತು. ಆ ಆಲೋಚನೆಯನ್ನು ಮೊದಲು ಮುಂದಿಟ್ಟವರು ಮೆಕ್ಯಾನಿಕ್ಸ್ ಮ್ಯಾಗಜೀನ್ ನಡೆಸುತ್ತಿದ್ದ ರಾಬರ್ಟ್‌ಸನ್ ಮತ್ತು ಥಾಮಸ್ ಹಾಡ್ಜ್‌ಸ್ಕಿನ್. ಕೆಲಸಗಾರರು ತಮ್ಮ ಕಾಸಿನಲ್ಲೇ ಸಂಸ್ಥೆ ಕಟ್ಟಬೇಕು, ದೊಡ್ಡವರ ದಾನ ಹಿಡಿದರೆ ಪಾಠವೂ ಅವರದೇ ಆಗುತ್ತದೆ ಎಂಬುದು ಅವರ ಪಟ್ಟು. ಸುಧಾರಕ ಫ್ರಾನ್ಸಿಸ್ ಪ್ಲೇಸ್ ಅದಕ್ಕೆ ಒಪ್ಪದೆ ಹಣವಂತರಿಂದ ಚಂದಾ ಎತ್ತಿದರು. ಕೊನೆಗೆ ಆದ ರಾಜಿ ಏನೆಂದರೆ, ಆಡಳಿತ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು ಕೆಲಸಗಾರರೇ ಇರಬೇಕು.

ಮ್ಯಾಂಚೆಸ್ಟರಿನಲ್ಲಿ 1824ರಲ್ಲಿ ಶುರುವಾದ ಸಂಸ್ಥೆಯಲ್ಲಿ ಆ ರಾಜಿಯೂ ಇರಲಿಲ್ಲ. ನಿರ್ದೇಶಕರನ್ನು ಆರಿಸುವ ಹಕ್ಕು ದೊಡ್ಡ ಮೊತ್ತ ಕೊಟ್ಟ ಗೌರವ ಸದಸ್ಯರದು. ಇದನ್ನು ಸಹಿಸದ ಒಂದು ಗುಂಪು 1829ರಲ್ಲಿ ರೋಲೆಂಡ್ ಡೆಟ್ರೋಸಿಯರ್ ಮುಂದಾಳ್ತನದಲ್ಲಿ ಹೊರಬಂದು ಬೇರೆ ಸಂಸ್ಥೆಯನ್ನೇ ಕಟ್ಟಿತು.

ಚಂದಾ ವರ್ಷಕ್ಕೆ ಸುಮಾರು 1 ಪೌಂಡ್, ಕಂತಾದರೆ ಮೂರು ತಿಂಗಳಿಗೆ 5 ಶಿಲಿಂಗ್. ವಾರಕ್ಕೆ 30 ಶಿಲಿಂಗ್ ಆಸುಪಾಸು ದುಡಿಯುವ ಫಿಟ್ಟರ್ ಇದನ್ನು ಹೇಗೋ ಹೊಂದಿಸಿಯಾನು, ಕೂಲಿಯಾಳಿಗೆ ಸಾಧ್ಯವೇ ಇಲ್ಲ. ಉಪನ್ಯಾಸಗಳೂ ಬಿಡಿಬಿಡಿ: ಈ ವಾರ ಖಗೋಳ, ಮುಂದಿನ ವಾರ ವಿದ್ಯುತ್ತು. ಅಂಕಗಣಿತ ಗಟ್ಟಿಯಿಲ್ಲದವನಿಗೆ ಉಗಿಯ ಗುಣಧರ್ಮ ಹೇಳಿದರೆ ಏನು ಹತ್ತೀತು? ಹೀಗಾಗಿ ನಡು ಶತಮಾನದ ಹೊತ್ತಿಗೆ ಎಷ್ಟೋ ಕಡೆ ಕುರ್ಚಿಗಳಲ್ಲಿ ಗುಮಾಸ್ತರೂ ಅಂಗಡಿಯವರೂ ತುಂಬಿದ್ದರು. ಕೆಲಸಗಾರ ಬರಲಿಲ್ಲ ಎಂದು ದೂರುವವರು ಅವನಿಗೆ ಅಲ್ಲಿ ಏನಿತ್ತು ಎಂದು ಮೊದಲು ಕೇಳಬೇಕು. ಬಿಡಿ ಉಪನ್ಯಾಸ ಬಿಟ್ಟು ಕ್ರಮವಾದ ತರಗತಿ ನಡೆಸಿದ ಹಡರ್ಸ್‌ಫೀಲ್ಡಿನಂಥ ಕಡೆ ಕೆಲಸಗಾರರೇ ಹೆಚ್ಚು ಇದ್ದರು.

ಚೇಂಜ್‌ಗೇರ್

ಟರ್ನರ್‌ಗೆ (ಲೇತ್ ನಡೆಸುವವನಿಗೆ) ತರಗತಿ ಯಾಕೆ ಬೇಕಿತ್ತು ಎನ್ನುವುದಕ್ಕೆ ಥ್ರೆಡ್ ಕಟಿಂಗ್‌ಗಿಂತ, ಅಂದರೆ ತಿರುಪಿನ ಸುರುಳಿ ಗೆರೆ ಕೊಯ್ಯುವುದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್ಡಿನ ಅಳತೆಗಳಿಗೆ ಒಂದು ಕ್ರಮ ಸೂಚಿಸಿದರು. ಕೋನ 55 ಡಿಗ್ರಿ, ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಥ್ರೆಡ್, ಮುಕ್ಕಾಲು ಇಂಚಿಗೆ 10, ಒಂದು ಇಂಚಿಗೆ 8. ಲೇತ್‌ನ ಲೀಡ್ ಸ್ಕ್ರೂ (ಕೊಯ್ಯುವ ಟೂಲನ್ನು ಸರಿಸುವ ಉದ್ದ ತಿರುಪು) ಇಂಚಿಗೆ 2 ಥ್ರೆಡ್ಡಿನದು ಎಂದುಕೊಳ್ಳಿ. ಅದನ್ನು ಸ್ಪಿಂಡಲ್‌ಗೆ (ತುಂಡನ್ನು ತಿರುಗಿಸುವ ದಂಡ) ಜೋಡಿಸುವ ಗೇರುಗಳ ಕಟ್ಟು 20 ಹಲ್ಲಿನಿಂದ 120ರವರೆಗೆ, ಐದೈದು ಹಲ್ಲು ಹೆಚ್ಚುತ್ತಾ ಹೋಗುತ್ತದೆ. ಸೂತ್ರ ಸರಳ: ಲೀಡ್ ಸ್ಕ್ರೂವಿನ ಥ್ರೆಡ್ ಭಾಗಿಸು ಬೇಕಾದ ಥ್ರೆಡ್. 8 ಬೇಕಿದ್ದರೆ 2/8, ಅಂದರೆ ಸ್ಪಿಂಡಲ್ ಕಡೆ 20, ಸ್ಕ್ರೂ ಕಡೆ 80. ಇದನ್ನು ಮೇಸ್ತ್ರಿ ಬಾಯಿಪಾಠ ಮಾಡಿಸಿರುತ್ತಿದ್ದ, ಇಲ್ಲವೇ ಲೇತ್‌ಗೆ ಅಂಟಿಸಿದ ಪಟ್ಟಿಯಲ್ಲಿ ಇರುತ್ತಿತ್ತು.

ಈಗ ಕಾಲು ಇಂಚಿನ ಗ್ಯಾಸ್ ಪೈಪಿನ ಥ್ರೆಡ್ ಬಂತು: ಇಂಚಿಗೆ 19. ಪಟ್ಟಿಯಲ್ಲಿ ಇಲ್ಲ. 2/19 ಎಂದರೆ 20/190, ಆದರೆ 190 ಹಲ್ಲಿನ ಗೇರು ಕಟ್ಟಿನಲ್ಲೇ ಇಲ್ಲ. 19 ಅವಿಭಾಜ್ಯ ಸಂಖ್ಯೆ, ಆದ್ದರಿಂದ 19ರ ಗುಣಕವಾದ ಒಂದು ಗೇರು ಬೇಕೇ ಬೇಕು. ಕಟ್ಟಿನಲ್ಲಿರುವುದು 95 ಒಂದೇ. ಎರಡು ಜೋಡಿಯಾಗಿ ಒಡೆದು 20/95, 40/80 ಹಾಕಿದರೆ ಗುಣಿಸಿ ಬರುವುದು ಸರಿಯಾಗಿ 2/19. ಲೆಕ್ಕ ಬಾರದವನು 95ರ ಬದಲು ಹತ್ತಿರದ 100 ಹಾಕಿದರೆ ಇಂಚಿಗೆ 20 ಥ್ರೆಡ್ ಆಗುತ್ತದೆ. ಅರ್ಧ ಇಂಚು ಉದ್ದಕ್ಕೆ ಅರ್ಧ ಥ್ರೆಡ್ ವ್ಯತ್ಯಾಸ. ಮೊದಲ ಎರಡು ಮೂರು ಸುತ್ತು ಹತ್ತುತ್ತದೆ, ಆಮೇಲೆ ಬಿಗಿದುಕೊಳ್ಳುತ್ತದೆ. ಅದನ್ನು ಪಾನಾ ಹಾಕಿ ಒತ್ತಿ ತಿರುಗಿಸಿದರೆ ಥ್ರೆಡ್ ಹರಿದು ಗ್ಯಾಸ್ ಸೋರುತ್ತದೆ.

ಇನ್ನೊಂದು ತೊಡಕು ಹಾಫ್ ನಟ್‌ನದು: ಒಂದೇ ಗೆರೆಯನ್ನು ಹಲವು ಸಲ ಕೊಯ್ಯುವಾಗ ಟೂಲನ್ನು ಲೀಡ್ ಸ್ಕ್ರೂವಿಗೆ ಕಚ್ಚಿಸಿ ಬಿಡಿಸುವ ನಟ್ ಅದು. 8, 10, 12 ಇವು 2ರ ಗುಣಕಗಳು, ಹಾಫ್ ನಟ್ ಎಲ್ಲಿ ಹಾಕಿದರೂ ಟೂಲ್ ಹಳೆಯ ಗೆರೆಗೇ ಬೀಳುತ್ತದೆ. 11 ಅಥವಾ 19 ಆದರೆ ಎರಡರಲ್ಲಿ ಒಂದು ಜಾಗ ತಪ್ಪು, ಟೂಲ್ ಎರಡು ಗೆರೆಗಳ ನಡುವಿನ ದಿಣ್ಣೆಯ ಮೇಲೆ ಹೋಗಿ ಇಡೀ ತುಂಡು ಹಾಳು. ಹಾಗಾಗಿ ನಟ್ ಬಿಡದೆ ಲೇತನ್ನೇ ಹಿಂದಕ್ಕೆ ತಿರುಗಿಸಬೇಕು, ಇಲ್ಲವೇ ಗೇರಿಗೂ ಲೀಡ್ ಸ್ಕ್ರೂವಿಗೂ ಸೀಮೆಸುಣ್ಣದ ಗುರುತು ಹಾಕಿಕೊಳ್ಳಬೇಕು. ಹಿಂದಕ್ಕೆ ತಿರುಗಿಸಬೇಕೆಂದು ಕಾರ್ಯಾಗಾರ ಕಲಿಸುತ್ತದೆ. ಯಾವ ಥ್ರೆಡ್ಡಿಗೆ ಅದರ ಅಗತ್ಯವೇ ಇಲ್ಲ ಎಂದು ಹೇಳಿ ಸಮಯ ಉಳಿಸುವುದು ಲೆಕ್ಕ. ಕೆಲಸಗಾರರು ಕೇಳಿದ್ದು ಈ ಲೆಕ್ಕವನ್ನು.

ಓದುಗ_ಹಾಸನ

ನಮ್ಮ ಮನೆಯ ಅರ್ಧ ಇಂಚಿನ ನಲ್ಲಿಯ ಥ್ರೆಡ್ಡೂ ಇದೇ ಕುಟುಂಬದ್ದಲ್ಲವೇ ಸರ್? ಅದು ಇಂಚಿಗೆ 14 ಎಂದು ಕೇಳಿದ್ದೇನೆ.

ಚೇಂಜ್‌ಗೇರ್

ಹೌದು, 14, ಅದೇ 55 ಡಿಗ್ರಿ. ಕರ್ನಾಟಕದ ಪ್ಲಂಬರ್‌ಗಳು ದಿನಾ ಹಿಡಿಯುವ ಥ್ರೆಡ್ ಅದು. ಮೇಲಿನ ಲೇತಿನಲ್ಲೇ ಕೊಯ್ಯಬೇಕಾದರೆ 2/14 ಅಂದರೆ 1/7. 20/70 ಮತ್ತು 30/60 ಹಾಕಿ. 14 ಎರಡರ ಗುಣಕ, ಹಾಫ್ ನಟ್ ಚಿಂತೆ ಇಲ್ಲ.

ಓದುಗ_ಹಾಸನ

ಹಾಗಾದರೆ ತರಗತಿಯಲ್ಲೇ ಒಂದು ಲೇತ್ ಇಟ್ಟು ಇಡೀ ಕಸುಬನ್ನು ಕಲಿಸಿಬಿಡಬಹುದಿತ್ತಲ್ಲ? ಅದಕ್ಕೆ ಯಾಕೆ ಒಪ್ಪಲಿಲ್ಲ?

ಹಳೇಕಡತ

ಗಂಟು ಇರುವುದೇ ಅಲ್ಲಿ. 1889ರ ತಾಂತ್ರಿಕ ಶಿಕ್ಷಣ ಕಾಯ್ದೆ ಸ್ಥಳೀಯ ಆಡಳಿತಗಳಿಗೆ ಪೌಂಡಿಗೆ ಒಂದು ಪೆನ್ನಿಯಷ್ಟು ತೆರಿಗೆ ಹಾಕಿ ಶಾಲೆ ನಡೆಸಲು ಅಧಿಕಾರ ಕೊಟ್ಟಿತು. ಆದರೆ ಉದ್ಯಮಕ್ಕೆ ಅನ್ವಯವಾಗುವ ವಿಜ್ಞಾನ ಮತ್ತು ಕಲೆಯ ತತ್ವಗಳನ್ನು ಕಲಿಸಬಹುದು, ಕಸುಬಿನ ಅಭ್ಯಾಸವನ್ನು ಕಲಿಸುವಂತಿಲ್ಲ ಎಂದು ಕಾಯ್ದೆಯ ವ್ಯಾಖ್ಯೆಯಲ್ಲೇ ಗೆರೆ ಎಳೆದಿತ್ತು.

ಈ ಗೆರೆ ಮಾಲೀಕರಿಗೂ ಬೇಕಿತ್ತು, ಸಂಘಗಳಿಗೂ ಬೇಕಿತ್ತು. ಮಾಲೀಕರಿಗೆ ತಮ್ಮ ಕಾರ್ಖಾನೆಯ ಗುಟ್ಟು ಹೊರಹೋಗುವ ಭಯ. ಸಂಘಗಳ ಕಾರಣ ತಿಳಿಯಲು ಅಪ್ರೆಂಟಿಸ್ ಪದ್ಧತಿಯ ಸ್ಥಿತಿ ನೋಡಬೇಕು. 1563ರ ಕಾನೂನಿನ ಏಳು ವರ್ಷದ ಅಪ್ರೆಂಟಿಸ್ ವಿಧಿ 1814ರಲ್ಲೇ ರದ್ದಾಗಿತ್ತು. ಆಮೇಲೆ ಉಳಿದದ್ದು ರೂಢಿ ಮತ್ತು ಸಂಘದ ಬಲ. ಹುಡುಗರನ್ನು ರಾಶಿ ಹಾಕಿಕೊಂಡು, ಒಬ್ಬೊಬ್ಬರಿಗೆ ಒಂದೊಂದೇ ಯಂತ್ರ ತೋರಿಸಿ, 21 ತುಂಬಿ ಪೂರ್ತಿ ಕೂಲಿ ಕೇಳುವ ಹೊತ್ತಿಗೆ ಹೊರಗೆ ಕಳಿಸುವ ಕಾರ್ಯಾಗಾರಗಳಿದ್ದವು. ಹೀಗಿರುವಾಗ ಸರ್ಕಾರದ ದುಡ್ಡಿನಲ್ಲಿ ಶಾಲೆಯೊಂದು ಆರು ತಿಂಗಳಲ್ಲಿ ‘ಬಡಗಿ’, ‘ಫಿಟ್ಟರ್’ ಎಂದು ಹೆಸರಿಟ್ಟು ಹುಡುಗರನ್ನು ಕಳಿಸಿದರೆ ಕೂಲಿ ಬೀಳುವುದು ಖಚಿತ. ಸಂಘಗಳು ವಿರೋಧಿಸಿದ್ದು ಇದನ್ನು. ಬಡಗಿಗಳ ಸಂಘದ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಆಪಲ್‌ಗಾರ್ತ್ ಕಡ್ಡಾಯ ಶಾಲಾ ಶಿಕ್ಷಣಕ್ಕಾಗಿ ನ್ಯಾಷನಲ್ ಎಜುಕೇಷನ್ ಲೀಗ್‌ನಲ್ಲಿ ದುಡಿದವರು. ಅವರನ್ನು ಶಿಕ್ಷಣದ ಶತ್ರು ಎನ್ನಲು ಯಾವ ಆಧಾರವೂ ಇಲ್ಲ.

ಸೀಸದಪೈಪು

ತತ್ವ ಒಂದು ಕಡೆ, ಅಭ್ಯಾಸ ಒಂದು ಕಡೆ ಎಂಬ ಗೆರೆ ಪ್ಲಂಬಿಂಗ್‌ನಲ್ಲಿ ಎಷ್ಟು ದೂರ ನಿಲ್ಲುತ್ತದೆ ನೋಡಿ.

ಸೀಸದ ಪೈಪುಗಳನ್ನು ಸೇರಿಸುವ ಒರೆಸಿದ ಬೆಸುಗೆ ಆ ಕಾಲದ ಪ್ಲಂಬರ್‌ನ ಮುಖ್ಯ ವಿದ್ಯೆ. ಒಂದು ಪೈಪಿನ ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಬೇಕು. ಇನ್ನೊಂದರ ಬಾಯಿಯನ್ನು ಮರದ ಬುಗುರಿಯಂಥ ಉಪಕರಣ ಹೊಡೆದು ಅಗಲಿಸಬೇಕು. ಬೆಸುಗೆ ಎಲ್ಲಿ ಹತ್ತಬಾರದೋ ಅಲ್ಲಿ ದೀಪದ ಮಸಿ ಮತ್ತು ಅಂಟು ಕಲಸಿದ ಲೇಪ ಬಳಿಯಬೇಕು. ಹತ್ತಬೇಕಾದ ಜಾಗವನ್ನು ಹೊಳೆಯುವಂತೆ ಹೆರೆದು ಕೂಡಲೇ ಪ್ರಾಣಿಕೊಬ್ಬು ಸವರಬೇಕು. ತಡವಾದರೆ ಸೀಸ ಮತ್ತೆ ಮಂಕಾಗಿ ಬೆಸುಗೆ ಹಿಡಿಯುವುದಿಲ್ಲ. ಆಮೇಲೆ ಸೌಟಿನಿಂದ ಕರಗಿದ ಬೆಸುಗೆ ಸುರಿಯುತ್ತಾ ಮೋಲ್‌ಸ್ಕಿನ್ ಎಂಬ ದಪ್ಪ ಹತ್ತಿ ಬಟ್ಟೆಯಿಂದ ಒರೆಸಿ ಮೊಟ್ಟೆಯಾಕಾರಕ್ಕೆ ತರಬೇಕು. ಕರಗಿದ ಬೆಸುಗೆಯ ಶಾಖಕ್ಕೆ ಪರೀಕ್ಷೆ: ಕಾಗದದ ಚೂರು ಅದ್ದಿದರೆ ಕಂದು ಬಣ್ಣಕ್ಕೆ ತಿರುಗಬೇಕು, ಹೊತ್ತಿಕೊಳ್ಳಬಾರದು.

ಇಷ್ಟನ್ನೂ ಮೇಸ್ತ್ರಿಯ ಪಕ್ಕ ನಿಂತೇ ಕಲಿಯಬೇಕು, ಕಪ್ಪುಹಲಗೆಯಿಂದ ಬರುವುದಿಲ್ಲ. ಆದರೆ ಎರಡು ಭಾಗ ಸೀಸಕ್ಕೆ ಒಂದು ಭಾಗ ತವರವೇ ಯಾಕೆ? ಆ ಮಿಶ್ರಣ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗಲು ಶುರುವಾಗಿ 183ಕ್ಕೆ ಪೂರ್ತಿ ಗಟ್ಟಿಯಾಗುತ್ತದೆ. ನಡುವಿನ ಅಷ್ಟೂ ಹೊತ್ತು ಅಂಬಲಿಯ ಹಾಗೆ ಇರುವುದರಿಂದಲೇ ಒರೆಸಲು ಸಾಧ್ಯ. ತವರ ಹೆಚ್ಚಿರುವ ತಗಡಿನ ಕೆಲಸದ ಬೆಸುಗೆಯನ್ನು ತಂದರೆ ಆ ಬಿಡುವು ಇರುವುದಿಲ್ಲ. ನೀರಿನಂತೆ ಹರಿದು ಬೀಳುತ್ತದೆ, ಇಲ್ಲವೇ ತಟ್ಟನೆ ಕಲ್ಲಾಗುತ್ತದೆ. ಸೀಸವೇ 327ಕ್ಕೆ ಕರಗುವುದರಿಂದ ಬೆಸುಗೆ ಅತಿಯಾಗಿ ಕಾದರೆ ಪೈಪಿಗೇ ತೂತು.

ಹಿತ್ತಾಳೆ ಚೂರು ಬಿದ್ದು ಪಾತ್ರೆಗೆ ಚೂರೇ ಚೂರು ಸತು ಸೇರಿದರೂ ಬೆಸುಗೆ ಮರಳು ಮರಳಾಗಿ ಕೆಟ್ಟುಹೋಗುತ್ತದೆ. ಆಗ ಗಂಧಕ ಹಾಕಿ ಕಲಕಿ ಮೇಲೆ ತೇಲುವ ಕಿಟ್ಟ ತೆಗೆಯುತ್ತಿದ್ದರು. ಯಾಕೆ ಕೆಟ್ಟಿತು ಎಂದು ಗೊತ್ತಿಲ್ಲದವನು ತವರ ಸೇರಿಸುತ್ತಾ ಹೋಗಿ ದುಡ್ಡು ಹಾಳು ಮಾಡುತ್ತಿದ್ದ.

ಕಾರಣ ತಿಳಿದವನ ಕೈ ಬೇಗ ಪಳಗುತ್ತದೆ, ಕಾರಣ ಮಾತ್ರ ತಿಳಿದವನಿಗೆ ಪೈಪು ಸೇರಿಸಲು ಬರುವುದಿಲ್ಲ. 1886ರಲ್ಲಿ ಲಂಡನ್ನಿನ ಪ್ಲಂಬರ್ಸ್ ಕಂಪನಿ (ಆ ಕಸುಬಿನ ಹಳೆಯ ಗಿಲ್ಡ್) ಪ್ಲಂಬರ್‌ಗಳ ನೋಂದಣಿ ಶುರುಮಾಡಿದ ಮೇಲೆ ಪ್ಲಂಬರ್‌ಗಳ ಪರೀಕ್ಷೆಗಳಲ್ಲಿ ಲಿಖಿತದ ಜೊತೆಗೆ ಕೈಕೆಲಸವನ್ನೂ ನೋಡುವ ಒತ್ತಾಯ ಬಲವಾಗಿತ್ತು. ಚರಂಡಿ ಗಾಳಿ ಮನೆಯೊಳಗೆ ಬಂದರೆ ಕಾಯಿಲೆ ಎಂಬ ಭಯ ಜನರಲ್ಲಿ ಇದ್ದದ್ದರಿಂದ ಕೆಟ್ಟ ಬೆಸುಗೆ ಬರೀ ಕಸುಬಿನ ವಿಷಯವಾಗಿ ಉಳಿದಿರಲಿಲ್ಲ.

ಬಣ್ಣದಹೊಂಡ

ಎಲ್ಲ ಕಸುಬಿಗೂ ಈ ಗೆರೆ ಒಪ್ಪುವುದಿಲ್ಲ ಎಂದು ಸೇರಿಸುತ್ತೇನೆ. ಬಣ್ಣಗಾರಿಕೆಯಲ್ಲಿ 1869ರಿಂದಾಚೆ ಕೃತಕ ಅಲಿಝರಿನ್ ಎಂಬ ಬಣ್ಣ ಬಂದು ಮಂಜಿಷ್ಠದ ಬೇರಿನ ಜಾಗ ಹಿಡಿಯಿತು. ಪಟಿಕದ ಕಟ್ಟು (ಬಣ್ಣವನ್ನು ಬಟ್ಟೆಗೆ ಕಚ್ಚಿಸುವ ಲವಣ) ಕೊಟ್ಟರೆ ಕೆಂಪು, ಕಬ್ಬಿಣದ್ದು ಕೊಟ್ಟರೆ ನೇರಳೆ, ಎರಡೂ ಬೆರೆಸಿದರೆ ಚಾಕೊಲೇಟು ಎಂಬುದು ಹಳಬರಿಗೂ ಗೊತ್ತಿತ್ತು. ಆದರೆ ಕೆಂಪು ಚೆನ್ನಾಗಿ ನಿಲ್ಲಲು ಸುಣ್ಣದ ಅಂಶ ಬೇಕು. ಮೆದು ನೀರಿನ ಊರಿನಲ್ಲಿ ಸೀಮೆಸುಣ್ಣ ಸೇರಿಸದಿದ್ದರೆ ಬಣ್ಣ ಪೇಲವ. ಒಂದು ಊರಿನ ಪಾಕ ಇನ್ನೊಂದು ಊರಿನಲ್ಲಿ ಕೈಕೊಡುವುದಕ್ಕೆ ಇದೇ ಕಾರಣ. ಇಲ್ಲಿ ರಸಾಯನಶಾಸ್ತ್ರವೇ ಕಸುಬು. ಹೊಂಡದ ಮುಂದೆ ನಿಂತು ಮಾಡದೆ ಕಲಿಸಲಾಗದು, ನೀರಿನ ಪರೀಕ್ಷೆ ಇಲ್ಲದೆ ಮಾಡಲಾಗದು. ಲಂಡನ್ನಿನ ಬಟ್ಟೆ ಕಸುಬಿನ ಗಿಲ್ಡ್ ಆದ ಕ್ಲಾತ್‌ವರ್ಕರ್ಸ್ ಕಂಪನಿಯ ಹಣದಿಂದ ಲೀಡ್ಸ್‌ನ ಯಾರ್ಕ್‌ಷೈರ್ ಕಾಲೇಜಿನಲ್ಲಿ ಬಟ್ಟೆ ಮತ್ತು ಬಣ್ಣದ ವಿಭಾಗಗಳು ಬೆಳೆದದ್ದಕ್ಕೆ ಅರ್ಥ ಇದೆ.

ಮೂಲೆಮಟ್ಟ

ಬಡಗಿಗಳ ಮಾತು ಬರಲಿ. 1867ರಲ್ಲಿ ಸೊಸೈಟಿ ಆಫ್ ಆರ್ಟ್ಸ್ 80ಕ್ಕೂ ಹೆಚ್ಚು ಕುಶಲಕರ್ಮಿಗಳನ್ನು ಪ್ಯಾರಿಸ್ ಪ್ರದರ್ಶನಕ್ಕೆ ಕಳಿಸಿ ಅವರವರ ಕಸುಬಿನ ಬಗ್ಗೆ ವರದಿ ಬರೆಸಿತು. ಕೆಲಸಗಾರರ ಅಭಿಪ್ರಾಯ ಅವರದೇ ಮಾತಿನಲ್ಲಿ ಸಿಗುವ ಅಪರೂಪದ ಆಕರ ಅದು. ಅಲ್ಲಿ ಮತ್ತೆ ಮತ್ತೆ ಬರುವ ಬೇಡಿಕೆ ಡ್ರಾಯಿಂಗ್. ಫ್ರೆಂಚ್ ಕೆಲಸಗಾರನಿಗೆ ಸಂಜೆ ಪುಕ್ಕಟೆಯಾಗಿ ಸಿಗುವ ಚಿತ್ರಶಾಲೆ ತಮಗೆ ಯಾಕಿಲ್ಲ ಎಂಬ ಪ್ರಶ್ನೆ.

ಡ್ರಾಯಿಂಗ್ ಎಂದರೆ ಹೂಬಳ್ಳಿ ಬಿಡಿಸುವುದಲ್ಲ. 12 ಅಡಿ ಅಗಲದ ಕಟ್ಟಡ, ಮಾಡಿನ ಎತ್ತರ 4 ಅಡಿ, ನಾಲ್ಕೂ ಕಡೆ ಇಳಿಜಾರು ಎಂದುಕೊಳ್ಳಿ. ಸಾಮಾನ್ಯ ಪಕಾಸಿಗೆ ಅಡ್ಡ 6, ಎತ್ತರ 4, ಉದ್ದ 7 ಅಡಿ 2½ ಇಂಚು. ಮೂಲೆಗೆ ಬರುವ ಪಕಾಸಿ ನಕ್ಷೆಯಲ್ಲಿ 45 ಡಿಗ್ರಿಗೆ ಓಡುತ್ತದೆ. ಅದರ ಅಡ್ಡ 8 ಅಡಿ 6 ಇಂಚಿಗೆ ಸ್ವಲ್ಪ ಕಮ್ಮಿ, ಎತ್ತರ ಅದೇ 4, ಉದ್ದ ಸುಮಾರು 9 ಅಡಿ 4½ ಇಂಚು. ಸಾಮಾನ್ಯ ಪಕಾಸಿಯ ವಾಲು ಸುಮಾರು 34 ಡಿಗ್ರಿ, ಮೂಲೆಯದು 25. ಒಂದರ ಮಟ್ಟ ಹಿಡಿದು ಇನ್ನೊಂದರ ತಲೆ ಕೊಯ್ದರೆ ಬಾಯಿ ತೆರೆದುಕೊಳ್ಳುತ್ತದೆ, ಚಕ್ಕೆ ತುರುಕಿ ಮುಚ್ಚಬೇಕಾಗುತ್ತದೆ. ಇದನ್ನು ಬಲ್ಲವನೇ ಕಾರ್ಯಾಗಾರದಲ್ಲಿ ಗುರುತು ಹಾಕುವ ಮೇಸ್ತ್ರಿ, ಮಿಕ್ಕವರು ಅವನು ಎಳೆದ ಗೆರೆ ಮೇಲೆ ಕೊಯ್ಯುವವರು. ಎಷ್ಟೋ ಮೇಸ್ತ್ರಿಗಳು ಈ ವಿದ್ಯೆಯನ್ನು ಹುಡುಗರಿಗೆ ಬಿಟ್ಟುಕೊಡುತ್ತಿರಲಿಲ್ಲ. ಸಂಜೆ ತರಗತಿ ಆ ಬೀಗ ತೆಗೆಯಿತು. ಬಡಗಿಗಳು ಅದನ್ನು ಬಯಸಿದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಅದೇ ಹೊತ್ತಿಗೆ ಮಾಸ್ಕೋದ ತಾಂತ್ರಿಕ ಶಾಲೆಯಲ್ಲಿ ವಿಕ್ಟರ್ ಡೆಲ್ಲಾ ವೋಸ್ ಬೇರೊಂದು ದಾರಿ ಹಿಡಿದಿದ್ದರು. ಕಸುಬನ್ನು ಬಿಡಿ ಬಿಡಿ ಅಭ್ಯಾಸಗಳಾಗಿ ಒಡೆದು, ಸುಲಭದ್ದರಿಂದ ಕಠಿಣದ ಕಡೆಗೆ ಕ್ರಮವಾಗಿ ಮಾಡಿಸುವುದು. ಮಾರುವ ವಸ್ತು ಏನೂ ತಯಾರಾಗುವುದಿಲ್ಲ. ಕ್ರಮ ಒಳ್ಳೆಯದೇ. ಆದರೆ ಗಂಟು ಬಿದ್ದ ಮರ, ಹಸಿ ಮರ, ಸಂಜೆಯೊಳಗೆ ಏರಿಸಲೇಬೇಕಾದ ಚೌಕಟ್ಟು ಇವು ಅಲ್ಲಿ ಬರುವುದಿಲ್ಲ. 1881ರಿಂದ 1884ರವರೆಗೆ ಕೂತ ತಾಂತ್ರಿಕ ಶಿಕ್ಷಣದ ಸ್ಯಾಮ್ಯುಯೆಲ್‌ಸನ್ ಆಯೋಗವೂ ಕೈಕೆಲಸಕ್ಕೆ ಕಾರ್ಯಾಗಾರವೇ ಶಾಲೆ ಎಂಬ ಕಡೆಗೇ ವಾಲಿತು. ಆ ಆಯೋಗದ ಸದಸ್ಯರಲ್ಲಿ ಕಾರ್ಖಾನೆಯ ಒಡೆಯರಿದ್ದರು, ರಸಾಯನಶಾಸ್ತ್ರಜ್ಞ ರೋಸ್ಕೊ ಇದ್ದರು, ಕೂಲಿಗೆ ದುಡಿಯುವ ಒಬ್ಬನೂ ಇರಲಿಲ್ಲ. ಇದು ಸಣ್ಣ ಲೋಪವಲ್ಲ.

ಗಿರಣಿಗಂಟೆ

ಸಮಯದ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಬೆಳಿಗ್ಗೆ ಆರಕ್ಕೆ ಗೇಟಿನೊಳಗೆ ಹೋದವನು ಸಂಜೆ ಹೊರಬಂದು, ಮನೆಗೆ ನಡೆದು, ಕೈಮುಖ ತೊಳೆದು ಎಂಟಕ್ಕೆ ತರಗತಿಯಲ್ಲಿ ಕೂತರೆ ಉಗಿ ಯಂತ್ರದ ಚಿತ್ರದ ಮುಂದೆ ನಿದ್ದೆ ಬರುತ್ತದೆ. 1871ರಲ್ಲಿ ನ್ಯೂಕಾಸಲ್‌ನ ಯಂತ್ರ ಕೆಲಸಗಾರರು ಜಾನ್ ಬರ್ನೆಟ್ ಮುಂದಾಳ್ತನದಲ್ಲಿ ಸುಮಾರು ಐದು ತಿಂಗಳು ಮುಷ್ಕರ ಹೂಡಿ ವಾರಕ್ಕೆ 54 ಗಂಟೆಯ ಕೆಲಸ ಗೆದ್ದರು. ಸಂಜೆ ತರಗತಿಗಳ ಇತಿಹಾಸದಲ್ಲಿ ಈ ಮುಷ್ಕರಕ್ಕೆ ಯಾವ ಕಾಯ್ದೆಗೂ ಕಡಿಮೆಯಿಲ್ಲದ ಜಾಗ ಸಿಗಬೇಕು.

ಇನ್ನೊಂದು ದೂರು ಪರೀಕ್ಷೆಯ ಪದ್ಧತಿಯ ಮೇಲೆ. 1859ರಿಂದ ಸರ್ಕಾರದ ವಿಜ್ಞಾನ ಮತ್ತು ಕಲಾ ಇಲಾಖೆ ಪಾಸಾದ ತಲೆಗಳ ಲೆಕ್ಕದಲ್ಲಿ ಶಿಕ್ಷಕನಿಗೆ ಹಣ ಕೊಡುತ್ತಿತ್ತು. ಶಿಕ್ಷಕ ಏನು ಮಾಡುತ್ತಾನೆ? ಬರುವ ಪ್ರಶ್ನೆಗಳನ್ನು ಊಹಿಸಿ ಬಾಯಿಪಾಠ ಮಾಡಿಸುತ್ತಾನೆ. ಉಪಕರಣಕ್ಕೆ ದುಡ್ಡು ಹಾಕುವುದಿಲ್ಲ. ಕೆಲಸದ ಪಾಳಿಯಿಂದ ತಡವಾಗಿ ಬರುವವನು ಅವನಿಗೆ ನಷ್ಟದ ವಿದ್ಯಾರ್ಥಿ. ಇದಕ್ಕೆ ಎದುರು ನಿಲ್ಲುವುದು 1868ರ ವಿಟ್‌ವರ್ತ್ ವಿದ್ಯಾರ್ಥಿವೇತನ: ವರ್ಷಕ್ಕೆ 100 ಪೌಂಡಿನಂತೆ 30. ಗಣಿತದ ಜೊತೆ ಕುಲುಮೆ, ಅರ ಹಾಕುವುದು, ಫಿಟ್ಟಿಂಗ್, ಲೇತ್, ಪ್ಯಾಟರ್ನ್ ಇವುಗಳಲ್ಲೂ ಕೈ ತೋರಿಸಬೇಕಿತ್ತು. ಯೋಚನೆ ಸರಿಯಾದದ್ದು, ಸಂಖ್ಯೆ ತೀರಾ ಕಡಿಮೆ.

ಅಚ್ಚುಮೊಳೆ

ಮೇಲಿನ ಎಲ್ಲರೂ ಸಂಘಗಳ ಪರವಾಗಿಯೇ ಮಾತಾಡಿದ್ದೀರಿ. ಮುದ್ರಣದ ಕಡೆಯಿಂದ ಒಂದು ತಕರಾರು.

1890ರ ದಶಕದಲ್ಲಿ ಹಣದ ಹರಿವು ಬದಲಾಯಿತು. ಮದ್ಯದ ಸುಂಕದ ಒಂದು ಪಾಲು 1890ರಿಂದ ತಾಂತ್ರಿಕ ಶಿಕ್ಷಣಕ್ಕೆ ಸಿಗತೊಡಗಿತು. ಲಂಡನ್ ಕೌಂಟಿ ಕೌನ್ಸಿಲ್ 1893ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಮಾಡಿತು, ಸಿಡ್ನಿ ವೆಬ್ ಅಧ್ಯಕ್ಷರು, ಕಾರ್ಮಿಕ ಸಂಘಗಳ ಒಕ್ಕೂಟವಾದ ಲಂಡನ್ ಟ್ರೇಡ್ಸ್ ಕೌನ್ಸಿಲ್‌ಗೂ ಅದರಲ್ಲಿ ಜಾಗ. 1894ರಲ್ಲಿ ಫ್ಲೀಟ್ ಸ್ಟ್ರೀಟಿನ ಪಕ್ಕ ಸೇಂಟ್ ಬ್ರೈಡ್ ಸಂಸ್ಥೆ ತೆರೆಯಿತು, ಅಚ್ಚುಮೊಳೆ ಜೋಡಣೆ, ಯಂತ್ರ ಮುದ್ರಣ ಎಲ್ಲಕ್ಕೂ ತರಗತಿ. 1896ರ ಸೆಂಟ್ರಲ್ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್‌ನಲ್ಲಿ ನಿಜವಾದ ಉಪಕರಣಗಳ ಮೇಲೇ ಕೆಲಸ. ಅಂದರೆ ಅಭ್ಯಾಸ ಶಾಲೆಯೊಳಗೆ ಬಂದೇ ಬಂತು. ಬಂದದ್ದು ಒಂದು ಷರತ್ತಿನ ಮೇಲೆ: ಈಗಾಗಲೇ ಆ ಕಸುಬಿನಲ್ಲಿ ಇರುವವರಿಗೆ ಮಾತ್ರ ಪ್ರವೇಶ.

ಮೇಲ್ನೋಟಕ್ಕೆ ನ್ಯಾಯವೇ. ಆದರೆ ಕಸುಬಿನೊಳಗೆ ಹೋಗುವ ಬಾಗಿಲ ಕೀಲಿ ಯಾರ ಕೈಯಲ್ಲಿತ್ತು? 1860ರಲ್ಲಿ ಎಮಿಲಿ ಫೇತ್‌ಫುಲ್ ವಿಕ್ಟೋರಿಯಾ ಪ್ರೆಸ್ ತೆರೆದು ಹೆಣ್ಣುಮಕ್ಕಳಿಗೆ ಅಚ್ಚುಮೊಳೆ ಜೋಡಿಸಲು ಕಲಿಸಿದಾಗ ಜೋಡಣೆಗಾರರ ಸಂಘ ಎದುರು ನಿಂತಿತು. ಕಸುಬಿನಲ್ಲಿ ಹೆಣ್ಣಿಗೆ ಜಾಗವಿಲ್ಲ, ಕಸುಬಿನಲ್ಲಿ ಇಲ್ಲದವರಿಗೆ ತರಗತಿ ಇಲ್ಲ. ಎರಡು ಬೀಗ ಸೇರಿ ಒಂದು ಗೋಡೆ. ಮೇಸ್ತ್ರಿಯ ಗುಟ್ಟಿನ ಬೀಗ ತೆಗೆದದ್ದನ್ನು ಹೊಗಳುವವರು ಇದನ್ನೂ ಹೇಳಬೇಕು.

ಚೇಂಜ್‌ಗೇರ್

ಒಪ್ಪುತ್ತೇನೆ. ಎಂಜಿನಿಯರಿಂಗ್‌ನಲ್ಲೂ ಹೀಗೆಯೇ, ಅಲ್ಲಿ ಹೊರಗುಳಿದವನು ಕೂಲಿಯಾಳು. ಎಂಜಿನಿಯರುಗಳ ಸಂಘಕ್ಕೆ ಸೇರಲು ಕಸುಬಿನಲ್ಲಿ ಐದು ವರ್ಷ ಬೇಕಿತ್ತು. ಟರೆಟ್ ಲೇತ್, ಮಿಲ್ಲಿಂಗ್ ಯಂತ್ರ ಬಂದ ಮೇಲೆ ಮಾಲೀಕರು ಕೂಲಿಯಾಳನ್ನೇ ಯಂತ್ರಕ್ಕೆ ನಿಲ್ಲಿಸಿದರು, 1897-98ರ ದೊಡ್ಡ ಬೀಗಮುದ್ರೆಗೆ (ಲಾಕೌಟ್) ಅದೂ ಒಂದು ಕಾರಣ. ಹತ್ತು ವರ್ಷ ಲೇತ್ ಪಕ್ಕದಲ್ಲೇ ಕಬ್ಬಿಣ ಹೊತ್ತವನಿಗೆ 20/95 ಲೆಕ್ಕ ಕಲಿಸಬಾರದೆಂಬುದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಸಂಘದ ಭಯ ಅರ್ಥವಾಗುತ್ತದೆ, ಅಷ್ಟೇ.

ಹಳೇಕಡತ

ಅಚ್ಚುಮೊಳೆ ಅವರ ತಕರಾರು ಗಟ್ಟಿಯಾದದ್ದು. ಸಂಘದ ಹೊರಗೆ ಕೆಲಸಗಾರರೇ ಕಟ್ಟಿದ ಇನ್ನೊಂದು ದಾರಿಯನ್ನೂ ಜೊತೆಗೆ ಇಡಬೇಕು. 1844ರಲ್ಲಿ ಅಂಗಡಿ ತೆರೆದ ರಾಚ್‌ಡೇಲ್ ಪಯೊನಿಯರ್ಸ್ ಸಹಕಾರ ಸಂಘ 1850ರ ದಶಕದಿಂದ ಲಾಭದ ಶೇ. 2.5ನ್ನು ಶಿಕ್ಷಣಕ್ಕೆ ತೆಗೆದಿಟ್ಟಿತು. ಅದರಿಂದ ಗ್ರಂಥಾಲಯ, ವಾಚನಾಲಯಗಳು ನಡೆದವು, ಮುಂದೆ ವಿಜ್ಞಾನ ಮತ್ತು ಕಲೆಯ ತರಗತಿಗಳೂ ಬಂದವು. ಆ ಸಂಘದಲ್ಲಿ ಹೆಂಗಸರೂ ಸ್ವಂತ ಹೆಸರಿನಲ್ಲಿ ಸದಸ್ಯರಾಗಬಹುದಿತ್ತು, ಯಾವ ಕಸುಬು ಎಂದು ಯಾರೂ ಕೇಳುತ್ತಿರಲಿಲ್ಲ. ಹಾಡ್ಜ್‌ಸ್ಕಿನ್ 1823ರಲ್ಲಿ ಕೇಳಿದ್ದ ‘ನಮ್ಮ ಕಾಸು, ನಮ್ಮ ಸಂಸ್ಥೆ’ ಎನ್ನುವುದಕ್ಕೆ ಅತಿ ಹತ್ತಿರ ಬಂದದ್ದು ಈ ದಿನಸಿ ಅಂಗಡಿ. ಲೇತ್ ಕೊಳ್ಳುವಷ್ಟು ಹಣ ಮಾತ್ರ ಅಂಥ ಸಂಘಗಳ ಹತ್ತಿರ ಇರಲಿಲ್ಲ. ಭಾರೀ ಉಪಕರಣ ಬೇಕಾದ ಕಸುಬುಗಳಿಗೆ ಕೊನೆಗೂ ತೆರಿಗೆಯ ಹಣವನ್ನೋ ಲಂಡನ್ನಿನ ಸಿರಿವಂತ ಕಂಪನಿಗಳನ್ನೋ ನೆಚ್ಚಬೇಕಾಯಿತು.